ಯಂತ್ರ ಎಂದು ಬರೆದ ಸದ್ದು

ಕಿವಿರಾಯನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಇದು ಅವನ ಬೆನ್ನ ಹಿಂದೆ ಆಡುವ ಮಾತಲ್ಲ, ಅವನೇ ಎದೆ ತಟ್ಟಿಕೊಂಡು ಹೇಳುತ್ತಿದ್ದದ್ದು. ಹಾಲಿನವನು ಹಾಲು ಅಳೆಯುವಾಗ ಅವನು ಅಳತೆ ನೋಡುತ್ತಿರಲಿಲ್ಲ, ಹಾಲಿನವನ ಮುಖ ನೋಡುತ್ತಿದ್ದ. ಗೋಡೆ ಗಡಿಯಾರ ಹತ್ತು ತೋರಿಸಿದರೆ ಕೈಗಡಿಯಾರವನ್ನು ಕೇಳುತ್ತಿದ್ದ, ಎರಡೂ ಒಂದೇ ಹೇಳಿದರೆ ಎರಡರ ಮೇಲೂ ಅನುಮಾನಪಡುತ್ತಿದ್ದ. ಮದುವೆಯಾಗಿ ಮೂವತ್ತು ವರ್ಷವಾದ ಹೆಂಡತಿ "ಉಪ್ಪು ಸರಿಯಾಗಿದೆ ರೀ" ಎಂದರೂ ನಾಲಿಗೆಯ ತುದಿಗಿಟ್ಟು ನೋಡದೆ ಊಟಕ್ಕೆ ಕೂರುವವನಲ್ಲ. "ನಿಮ್ಮ ನೆರಳು ನಿಮ್ಮದೇ ಅಂತ ಖಾತ್ರಿ ಮಾಡ್ಕೊಂಡಿದ್ದೀರಾ?" ಎಂದು ಅವಳು ಒಮ್ಮೆ ರೇಗಿದಾಗ ಅವನು ನಿಜವಾಗಿಯೂ ಹಿಂದೆ ತಿರುಗಿ ನೋಡಿದನಂತೆ. ಅವಳು ಅದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಅವನ ಕೆಲಸವೂ ಅಂಥದೇ. ನೀರು ಸರಬರಾಜು ಕಚೇರಿಯಲ್ಲಿ ಅವನು ಸೋರಿಕೆ ಕೇಳುವವನು. ಬೀದಿಯ ಕೆಳಗೆ ಹೂತಿಟ್ಟ ಕಬ್ಬಿಣದ ಪೈಪು ಎಲ್ಲೋ ಬಿರುಕು ಬಿಟ್ಟರೆ ಮೇಲೆ ಓಡಾಡುವವರಿಗೆ ಸುಳಿವೇ ಸಿಗುವುದಿಲ್ಲ; ನೀರು ಮಣ್ಣಿನೊಳಗೇ ಹರಿದು ಹೋಗಿಬಿಡುತ್ತದೆ. ಅದನ್ನು ಕಿವಿಯಿಂದ ಹಿಡಿಯಬೇಕು. ಅವನ ಬಳಿ ಎದೆಯೆತ್ತರದ ಉಕ್ಕಿನ ಕೋಲೊಂದಿತ್ತು, ಅದರ ಮೇಲ್ತುದಿಗೆ ಮರದ ಸಣ್ಣ ಬಟ್ಟಲು. ಕೆಳತುದಿಯನ್ನು ಪೈಪಿನ ವಾಲ್ವ್ ಮೇಲಿಟ್ಟು, ಬಟ್ಟಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮೊದಲ ಸಲ ನೋಡಿದವರು ರಸ್ತೆಗೇನೋ ಕಾಯಿಲೆ, ಡಾಕ್ಟರು ಬಂದಿದ್ದಾರೆ ಎಂದುಕೊಳ್ಳುತ್ತಿದ್ದರು. ಮೂವತ್ತೊಂದು ವರ್ಷ ಹೀಗೆ ನಿಂತೂ ನಿಂತೂ ಅವನ ತಲೆ ಬಲಕ್ಕೆ ವಾಲಿಕೊಂಡಿತ್ತು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದು, ಊರಿಗೆಲ್ಲ ಅವನು ಕಿವಿರಾಯನಾದ.

ಕೋಲಿನ ಜೊತೆಗೆ ಒಂದು ನೋಟ್ ಪುಸ್ತಕ. ಅದರಲ್ಲಿ ವಿಳಾಸದ ಮುಂದೆ ಬರೆಯಬಹುದಾದ ಪದಗಳು ಮೂರೇ. ಎಡೆಬಿಡದೆ 'ಸುಂಯ್' ಎಂದರೆ 'ಸೋರಿಕೆ'. ಬಂದು ನಿಂತು ಬಂದು ನಿಂತರೆ ಯಾರೋ ನಲ್ಲಿ ತಿರುಗಿಸಿದ್ದಾರೆ, 'ಬಳಕೆ'. ತಾಳ ಹಾಕಿದ ಹಾಗೆ ಒಂದೇ ಸಮ ಕುಟ್ಟಿದರೆ ಪಂಪೋ ಕಾರ್ಖಾನೆಯೋ ಇರಬೇಕು, 'ಯಂತ್ರ'. "ನೀರಿಗೆ ತಾಳ ಗೊತ್ತಿಲ್ಲ ಕಣೋ. ತಾಳ ಕೇಳಿಸಿದ ಕೂಡಲೆ ಕೋಲು ಎತ್ತು, ಮುಂದಕ್ಕೆ ಹೋಗು," ಎಂದು ಅವನಿಗೆ ಕೆಲಸ ಕಲಿಸಿದ ಮುದುಕ ಮೊದಲ ದಿನವೇ ಹೇಳಿಕೊಟ್ಟಿದ್ದ. ಲೋಕದಲ್ಲಿ ಎಲ್ಲವನ್ನೂ ಅನುಮಾನಿಸಿದ ಕಿವಿರಾಯ ಈ ಒಂದು ಮಾತನ್ನು ಮಾತ್ರ ಯಾವತ್ತೂ ಅನುಮಾನಿಸಲಿಲ್ಲ. ಅನುಮಾನದ ಮನುಷ್ಯರ ಹಣೆಬರಹವೇ ಇಷ್ಟು, ಊರಿಗೆಲ್ಲ ಬೀಗ ಹಾಕಿ ತಮ್ಮ ಹಿತ್ತಿಲ ಬಾಗಿಲು ತೆರೆದಿಟ್ಟಿರುತ್ತಾರೆ.

ಆ ವರ್ಷ ಅವನ ಗ್ರಹಚಾರ ಕೆಟ್ಟಿತ್ತು. ಎರಡು ಸಲ ಅವನು ತೋರಿಸಿದ ಜಾಗದಲ್ಲಿ ಆಳುದ್ದ ಅಗೆದರೂ ಮಣ್ಣು ಒಣಗಿಕೊಂಡೇ ಇತ್ತು. ಎರಡನೆಯ ಸಲವಂತೂ ನಾಲ್ಕು ರಸ್ತೆ ಕೂಡುವ ಜಾಗ. ಇಡೀ ದಿನ ಬಸ್ಸುಗಳು ಸುತ್ತಿ ಬಳಸಿ ಹೋದವು, ಜನ ಬಾಯಿಗೆ ಬಂದಂತೆ ಬೈದರು. ಕಚೇರಿಗೆ ಹೊಸದಾಗಿ ಬಂದಿದ್ದ ಇಂಜಿನಿಯರಮ್ಮ ಅವನನ್ನು ಕರೆಸಿ ಕೂರಿಸಿ ಮೆತ್ತಗೆ ಹೇಳಿದಳು.

"ರಾಯರೇ, ಹೊಸ ಯಂತ್ರ ತರಿಸಿದ್ದೀವಿ. ಗುರುವಾರ ಹನ್ನೊಂದು ಗಂಟೆಗೆ ಮಾರ್ಕೆಟ್ ರಸ್ತೆಯಲ್ಲಿ ಪರೀಕ್ಷೆ. ನೀವೊಂದು ಜಾಗ ತೋರಿಸಿ, ಅದೊಂದು ತೋರಿಸಲಿ. ಎರಡನ್ನೂ ಅಗೆಸ್ತೀನಿ. ಯಾರು ಸರಿಯೋ ಅವರು ಉಳೀಲಿ."

"ನಾನು ಸೋತರೆ?"

"ಕೋಲು ಸ್ಟೋರ್ ರೂಮಿಗೆ. ನೀವು ರಿಟೈರ್ ಆಗೋ ತನಕ ದಾಖಲೆ ಕೋಣೆಯಲ್ಲಿ ಕೂತ್ಕೊಳ್ಳಿ. ಫ್ಯಾನ್ ಇದೆ."

ಫ್ಯಾನ್ ಇದೆ ಎಂಬ ಮಾತು ಅವನನ್ನು ಸೋಲಿನ ಭಯಕ್ಕಿಂತ ಹೆಚ್ಚು ಉರಿಸಿತು. ಅದಕ್ಕಿಂತ ದೊಡ್ಡದೊಂದು ಉರಿ ಒಳಗೇ ಇತ್ತು, ಹೆಂಡತಿಗೂ ಹೇಳಿರಲಿಲ್ಲ. ಆರು ತಿಂಗಳಿಂದ ಅವನ ಬಲಗಿವಿಯಲ್ಲಿ 'ಗುಂಯ್' ಎಂದು ಏನೋ ಕೂತಿತ್ತು. ಪೈಪಿನ ಸದ್ದು ಯಾವುದು, ಕಿವಿಯ ಸದ್ದು ಯಾವುದು ಎಂದು ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವನಿಗೆ ತನ್ನ ಮೇಲೆಯೇ ಅನುಮಾನ ಬಂದಿತ್ತು. ಕಿವಿ ಹೋದ ಮೇಲೆ ಕಿವಿರಾಯನಲ್ಲಿ ಉಳಿಯುವುದೇನು?

ಪರೀಕ್ಷೆಯ ಹಿಂದಿನ ದಿನ, ಬುಧವಾರ, ಅವನು ಎಂದಿನಂತೆ ಹನ್ನೊಂದರ ಹೊತ್ತಿಗೆ ಒಂದು ಕಿರುಬೀದಿಗೆ ಹೋದ. ಬೆಳಗಿನ ಸ್ನಾನ ಪಾತ್ರೆಗಳ ಗಡಿಬಿಡಿ ಮುಗಿದು ಪೈಪುಗಳು ಸುಮ್ಮನಾಗುವ ಹೊತ್ತು ಅದು. ಬೀದಿಯ ಕೊನೆಯಲ್ಲಿ ತಗಡಿನ ಪೆಟ್ಟಿಗೆ ಮಾಡುವ ಅಂಗಡಿಯೊಂದಿತ್ತು. ನಡುವೆ ಮೂರಂತಸ್ತಿನ ಹಳೆಯ ಕಟ್ಟಡ. ಗೋಡೆಗುಂಟ ಇಳಿದುಬಂದ ಕಬ್ಬಿಣದ ಪೈಪು ಮೆಟ್ಟಿಲ ಪಕ್ಕದಲ್ಲಿ ನೆಲ ಸೇರುತ್ತಿತ್ತು. ಮೇಲಿನ ಕಿಟಕಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯೊಂದು ಎದೆಯೆತ್ತರಕ್ಕೆ ತೂಗಾಡುತ್ತಿತ್ತು. ಅದರಲ್ಲಿ ಗುಂಡಿಯಿಲ್ಲದ ಎರಡು ಹೊಸ ಅಂಗಿ, ಮೇಲಿನದು ನೀಲಿ. 'ಯಾವಳಪ್ಪ ಇವಳು, ಬೀದಿಯನ್ನೇ ನಂಬಿ ಅಂಗಿ ನೇತುಹಾಕಿದ್ದಾಳೆ' ಎಂದು ಕಿವಿರಾಯ ಮೂಗು ಮುರಿದು, ಕೋಲು ಊರಿ ಕಿವಿಯಿಟ್ಟ.

ಟಕ್, ಟಕ್, ಟಕ್. ಬಿಡುವು. ಟಕ್, ಟಕ್, ಟಕ್. ಬಿಡುವು.

ಬಟ್ಟೆ ಹೊಲಿದಷ್ಟು ಒಂದೇ ಸಮ. ಅವನು ಒಂದು ನಿಮಿಷ ಕೇಳಿದ. ನಡುವೆ ಬಡಿತ ಇದ್ದಕ್ಕಿದ್ದಂತೆ ಜೋರಾಯಿತು, ಆದರೆ ತಾಳ ತಪ್ಪಲಿಲ್ಲ. ತಗಡಿನ ಅಂಗಡಿ, ಮತ್ತೇನು. ವಿಳಾಸದ ಮುಂದೆ 'ಯಂತ್ರ' ಎಂದು ಬರೆದು, ಕೋಲು ಹೆಗಲಿಗೇರಿಸಿ, ನಾಳಿನ ಪರೀಕ್ಷೆಯ ಚಿಂತೆ ಹೊತ್ತುಕೊಂಡು ಹೊರಟುಬಿಟ್ಟ.

ಸಂಜೆ ಮನೆಗೆ ಬಂದರೆ ಭಾವಮೈದುನ ಬಂದು ಕೂತಿದ್ದ. ಹೆಂಡತಿಯ ತಮ್ಮ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವನು. ಮನೆಯಲ್ಲೂ ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅಕ್ಕನ ಮನೆಯ ಕಾಫಿ, ಭಾವನ ಜೊತೆ ಜಗಳ, ಎರಡೂ ಇಲ್ಲದೆ ಅವನಿಗೆ ದಿನ ಮುಗಿಯುತ್ತಿರಲಿಲ್ಲ. ಬರುವ ಶನಿವಾರ ಲೈಬ್ರರಿಯಲ್ಲಿ ಅವನದೊಂದು ಉಪನ್ಯಾಸವಿತ್ತು, ಭೂಮಿಯಾಚೆ ಬುದ್ಧಿಯುಳ್ಳ ಜೀವಿಗಳು ಇರಬಹುದೇ ಎಂಬುದರ ಮೇಲೆ. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ ಅವನು ಲೆಕ್ಕ ಹಾಕಿಕೊಂಡು ಬಂದಿದ್ದ.

"ನೋಡಿ ಭಾವ. ನಮ್ಮ ನಕ್ಷತ್ರಗಳ ಗುಂಪಿನಲ್ಲೇ ಕಮ್ಮಿ ಅಂದ್ರೂ ಹತ್ತು ಸಾವಿರ ಕೋಟಿ ನಕ್ಷತ್ರ. ಬಹಳಷ್ಟಕ್ಕೆ ಗ್ರಹಗಳಿವೆ. ಅದರಲ್ಲಿ ನೀರು ಇರಬಹುದಾದ್ದು ಇಷ್ಟು ಅಂತ ಇಟ್ಕೊಳ್ಳಿ. ನೀರಿದ್ದದ್ದರಲ್ಲಿ ಜೀವ ಹುಟ್ಟಿದ್ದು ಇಷ್ಟು. ಜೀವ ಇದ್ದದ್ದರಲ್ಲಿ ಬುದ್ಧಿ ಬಂದಿದ್ದು ಇಷ್ಟು."

"ಇಟ್ಕೊಳ್ಳಿ, ಇಟ್ಕೊಳ್ಳಿ ಅಂತೀರಲ್ಲ ಮೇಷ್ಟ್ರೇ, ಎಲ್ಲಿ ಇಟ್ಕೊಳ್ಳೋದು? ಯಾರು ನೋಡಿ ಬಂದಿದ್ದಾರೆ?" ಎಂದ ಕಿವಿರಾಯ, ಲೋಟದೊಳಗೆ ಇಣುಕಿ ನೋಡುತ್ತಾ. "ಒಂದು ಮಾತು ಒಪ್ಕೋತೀನಿ. ನೀರು ಇದ್ದರೆ ಸೋರಿಕೆ ಇರುತ್ತೆ. ಸೋರಿಕೆ ಇದ್ದರೆ ಅದಕ್ಕೊಂದು ಕಚೇರಿ ಇರುತ್ತೆ. ಕಚೇರಿ ಇದ್ದ ಮೇಲೆ ಬುದ್ಧಿ ಇರೋ ಸಾಧ್ಯತೆ ಕಮ್ಮಿ."

ಹೆಂಡತಿ ಕಿಸಕ್ಕನೆ ನಕ್ಕಳು. ಮೇಷ್ಟ್ರು ಸೋಲಲಿಲ್ಲ. "ತಮಾಷೆ ಬಿಡಿ. ದೊಡ್ಡ ದೊಡ್ಡ ಆಂಟೆನಾ ಇಟ್ಕೊಂಡು ಆಕಾಶಕ್ಕೆ ಕಿವಿ ಕೊಟ್ಟವರಿದ್ದಾರೆ, ನಿಮ್ಮ ಹಾಗೇನೇ."

"ಕೇಳಿಸ್ತಾ?"

"ಇನ್ನೂ ಇಲ್ಲ."

"ಇಲ್ಲ ಅಂದ್ಮೇಲೆ ಇಲ್ಲ. ಇದ್ದಿದ್ರೆ ಇಷ್ಟು ಹೊತ್ತಿಗೆ ಒಂದು ಕೆಮ್ಮಾದ್ರೂ ಕೇಳಿಸ್ಬೇಕಿತ್ತು. ಹೋಗಲಿ, ಅವರು ಕೇಳ್ತಿರೋದು ಏನನ್ನ?"

"ತಾಳವನ್ನ. ಆಕಾಶದ ಗದ್ದಲದಲ್ಲಿ ಒಂದೇ ಸಮ ಬರೋ ಸದ್ದು ಸಿಕ್ಕರೆ ಮೊದಲು ಅದರ ಮೇಲೆ ಕಣ್ಣು. ಯಾರೋ ಬೇಕೂಂತ ಮಾಡ್ತಿರಬಹುದು."

ಕಿವಿರಾಯ ಲೋಟ ಕೆಳಗಿಟ್ಟ. "ತಾಳನಾ? ನಾವು ಎತ್ತಿ ಬಿಸಾಕೋದೇ ಅದನ್ನ!"

"ಅವರು ಹೆಕ್ಕೋದೇ ಅದನ್ನ. ಆದ್ರೆ ಬರೀ ತಾಳ ಸಾಲದು ಅನ್ನಿ. ಹಿಂದೊಮ್ಮೆ ಹಾಗೇ ಗಡಿಯಾರದಂತೆ ಟಿಕ್ ಟಿಕ್ ಅಂತ ಬಂತು, ಯಾರಾದ್ರೂ ಇರಬಹುದಾ ಅನ್ನೋ ಯೋಚನೆನೂ ಬಂತು. ಆಮೇಲೆ ನೋಡಿದರೆ ಗಿರಗಿರ ತಿರುಗೋ ಒಂದು ನಕ್ಷತ್ರ."

"ನೋಡಿದ್ರಾ!" ಕಿವಿರಾಯನ ಮುಖ ಅರಳಿತು. "ಅಲ್ಲೂ ಪಂಪೇ. ಹಾಗಾದ್ರೆ ಯಾರೋ ಇದ್ದಾರೆ ಅಂತ ಯಾವಾಗ ನಂಬೋದು?"

ಮೇಷ್ಟ್ರು ತಲೆ ಕೆರೆದುಕೊಂಡ. "ನಾವು ಕೇಳಿದ್ದಕ್ಕೆ ಉತ್ತರ ಬಂದಾಗ. ಅದೂ ನಾವು ಆಡಿದ್ದನ್ನೇ ವಾಪಸ್ ಆಡಿದ್ರೆ ಆಗಲ್ಲ, ಗೋಡೆ ಕೂಡ ಹಾಗೆ ಮಾಡುತ್ತೆ. ತನ್ನದೂ ಅಂತ ಏನಾದ್ರೂ ಸೇರಿಸಬೇಕು."

ಈ ಮಾತು ಇಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಒಳಗಿಂದ ಹೆಂಡತಿ ಯಾವುದೋ ನೆನಪಿನಲ್ಲಿ ಹೇಳಿದಳು, "ರೀ, ಆ ಪೆಟ್ಟಿಗೆ ಮುಚ್ಚಳ ರಿಪೇರಿಗೆ ಅಂತ ಮಧ್ಯಾಹ್ನ ಹೊತ್ಕೊಂಡು ಹೋದ್ರೆ ತಗಡಿನ ಅಂಗಡಿಗೆ ಬೀಗ. ನಾಲ್ಕು ದಿನದಿಂದ ತೆಗೆದೇ ಇಲ್ಲವಂತೆ. ಮತ್ತೆ ಹೊತ್ಕೊಂಡು ಬಂದೆ, ತೋಳು ನೋವು."

ಕಿವಿರಾಯ ತಲೆಯೆತ್ತಿದ. ಅಂಗಡಿಗೆ ಬೀಗವಿದ್ದರೆ ಕುಟ್ಟಿದವರು ಯಾರು?

ಬೇರೆ ಯಾವುದಾದರೂ ಪಂಪು ಇರಬಹುದು, ಎಂದುಕೊಂಡ. ಪಕ್ಕದ ಬೀದಿಯದು ಇರಬಹುದು. ತನ್ನ ಹಾಳು ಕಿವಿಯದೇ ಇರಬಹುದು. ನಾಳೆ ಪರೀಕ್ಷೆ, ಈಗ ಅಲ್ಲಿಗೆ ಓಡಿದರೆ ಜನ ನಗುತ್ತಾರೆ. ಹೀಗೆ ನೂರೊಂದು ಸಮಾಧಾನ ಹೇಳಿಕೊಂಡು ಅವನು ಹೋಗಲಿಲ್ಲ. ನನಗೆ ಈ ಮನುಷ್ಯನ ಮೇಲೆ ಸಿಟ್ಟು ಬರುವುದು ಇಲ್ಲೇ. ತನ್ನ ನೆರಳನ್ನೂ ನಂಬದವನು ಅವತ್ತು ತನ್ನ ಸಮಾಧಾನವನ್ನು ಮಾತ್ರ ಚೆನ್ನಾಗಿ ನಂಬಿದ. ಅಥವಾ ನಂಬಿದಂತೆ ನಟಿಸಿದ. ಏಕೆಂದರೆ ಅವನು ಅವತ್ತು ಉಪ್ಪು ನೋಡದೆ ಊಟ ಮಾಡಿದ, ಹೆಂಡತಿ ಹುಬ್ಬೇರಿಸಿದಳು.

ಗುರುವಾರ ಬೆಳಗ್ಗೆ ಮಾರ್ಕೆಟ್ ರಸ್ತೆಗೆಂದು ಹೊರಟವನ ಕಾಲು ಆ ಕಿರುಬೀದಿಗೆ ತಿರುಗಿತು. ಒಂದೈದು ನಿಮಿಷ ನೋಡಿ ಹೋದರಾಯಿತು, ಹತ್ತು ಗಂಟೆ ಅಷ್ಟೇ. ತಗಡಿನ ಅಂಗಡಿಗೆ ಬೀಗ, ಬೀಗದ ಮೇಲೆ ಧೂಳು. ಬುಟ್ಟಿ ಅಲ್ಲೇ ತೂಗಾಡುತ್ತಿತ್ತು. ಅದರಲ್ಲಿ ಅದೇ ಎರಡು ಅಂಗಿ, ಮೇಲೆ ಅದೇ ನೀಲಿ. ನಿನ್ನೆಯಿಂದ ಯಾರೂ ಮೇಲೆಳೆದುಕೊಂಡಿರಲಿಲ್ಲ.

ಕೋಲು ಊರಿದ. ಬಲಗಿವಿ 'ಗುಂಯ್' ಎಂದಿತು. ಜೀವಮಾನದಲ್ಲಿ ಎಂದೂ ಬಳಸದ ಎಡಗಿವಿಯನ್ನು ಹಚ್ಚಿದ, ತಲೆ ಆ ಕಡೆಗೆ ವಾಲಲಾರದೆ ಕುತ್ತಿಗೆ ನೋಯಿತು. ಏನೂ ಇಲ್ಲ. ಹತ್ತು ನಿಮಿಷ ಕಳೆಯಿತು. ಇಲ್ಲಿಂದ ಮಾರ್ಕೆಟ್ಟಿಗೆ ಅರ್ಧ ಗಂಟೆಯ ನಡಿಗೆ, ಈಗ ಹೊರಟರೆ ಸರಿಹೋಗುತ್ತದೆ. ಕೋಲು ಎತ್ತಿದ. ಎತ್ತಿದವನು ಮತ್ತೆ ಇಟ್ಟು, ಜೇಬಿನಿಂದ ಸಣ್ಣ ಸ್ಪ್ಯಾನರ್ ತೆಗೆದು, ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದ. ಪೈಪಿಗೆ ತಾನೇ ಬಡಿದ. ಎರಡು ಸಲ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಮೇಲಿನಿಂದ, ತೀರಾ ಸಣ್ಣಗೆ: ಟಕ್... ಟಕ್.

ಆದರೆ ಅವನು ಕಿವಿರಾಯ. ಗೋಡೆ ಕೂಡ ಹಾಗೆ ಮಾಡುತ್ತದಲ್ಲ. ಪೈಪಿನ ಯಾವುದೋ ತಿರುವಿನಿಂದ ತನ್ನದೇ ಸದ್ದು ಮರಳಿ ಬಂದಿರಬಹುದು. ಈ ಸಲ ಮೂರು ಬಡಿದ.

ಟಕ್. ಟಕ್. ಟಕ್. ಇಷ್ಟಕ್ಕೆ ನಿಂತಿದ್ದರೆ ಅವನು ಏನು ಮಾಡುತ್ತಿದ್ದನೋ ಹೇಳಲಾರೆ. ಒಂದು ಕ್ಷಣ ಬಿಟ್ಟು ಇನ್ನೊಂದು ಬಂತು. ಟಕ್.

ಮೂರಕ್ಕೆ ನಾಲ್ಕು. ಗೋಡೆ ಲೆಕ್ಕ ತಪ್ಪುವುದಿಲ್ಲ. ಪಂಪಿಗೆ ಲೆಕ್ಕ ತಪ್ಪಲು ಬರುವುದಿಲ್ಲ. ಮೇಲೆ ಯಾರೋ ಇದ್ದಾರೆ.

ಮೆಟ್ಟಿಲು ಹತ್ತಲು ಓಡಿದವನನ್ನು ಕೆಳಮನೆಯವನು ಬಾಗಿಲಲ್ಲೇ ತಡೆದ, ಕೈಯಲ್ಲಿ ಪೇಪರ್, ಮುಖದಲ್ಲಿ ಸಂಶಯ. "ಯಾರ್ರೀ ನೀವು? ಎಲ್ಲಿಗೆ?"

"ನೀರಿನ ಕಚೇರಿಯವನು. ಆ ಬುಟ್ಟಿ ಇಳಿಬಿಟ್ಟಿರೋ ಮನೇಲಿ ಯಾರಿದ್ದಾರೆ?"

"ಗುಂಡಿ ಹೊಲಿಯೋ ಅಜ್ಜಿ. ಅವರು ಯಾರಿಗೂ ಬಾಗಿಲು ತೆಗೆಯಲ್ಲ. ಟೈಲರ್ ಬುಟ್ಟಿಯಲ್ಲಿ ಅಂಗಿ ಹಾಕ್ತಾನೆ, ಎಳ್ಕೊಂಡು ಗುಂಡಿ ಹಾಕಿ ಇಳಿಸ್ತಾರೆ. ಎಲ್ಲಿ, ಕಾರ್ಡ್ ತೋರಿಸಿ." ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದ. "ಫೋಟೋ ನಿಮ್ಮ ಹಾಗೆ ಕಾಣಲ್ಲ."

"ಇಪ್ಪತ್ತು ವರ್ಷದ ಹಿಂದಿನದು ಮಾರಾಯ್ರೇ!"

"ಹಾಗಂತ ನೀವು ಹೇಳ್ತೀರಿ."

ಲೋಕಕ್ಕೆಲ್ಲ ತಾನು ಬಡಿಸಿದ್ದನ್ನು ಕಿವಿರಾಯ ಮೊದಲ ಬಾರಿ ತಿಂದ, ರುಚಿ ಚೆನ್ನಾಗಿರಲಿಲ್ಲ. "ನಿನ್ನೆಯಿಂದ ಕುಟ್ಟೋ ಸದ್ದು ನಿಮಗೆ ಕೇಳಿಸ್ಲಿಲ್ವಾ?" ಎಂದ.

"ಕೇಳಿಸ್ದೆ ಏನು, ತಲೆನೋವು ಬಂದುಬಿಡ್ತು. ತಗಡಿನ ಅಂಗಡಿಯವನದು."

"ಅಂಗಡಿಗೆ ಬೀಗ ಹಾಕಿ ಐದು ದಿನ ಆಯ್ತು."

ಕೆಳಮನೆಯವನು ಪೇಪರನ್ನು ಅಲ್ಲೇ ಬಿಸಾಕಿ ದಾರಿ ಬಿಟ್ಟ. ಇಬ್ಬರೂ ಹತ್ತಿದರು. ಬಾಗಿಲು ಬಡಿದರೆ ಉತ್ತರವಿಲ್ಲ. "ಒಡೆದರೆ ಆಮೇಲೆ ಯಾರು ಹೊಣೆ?" ಎಂದು ಕೆಳಮನೆಯವನು ಹಿಂದೆ ಸರಿದ. "ನನ್ನ ಕಾರ್ಡ್ ನಿಮ್ಮ ಕೈಯಲ್ಲೇ ಇದೆಯಲ್ಲ, ಇಟ್ಕೊಳ್ಳಿ," ಎಂದು ಕಿವಿರಾಯ ಕೋಲನ್ನು ಬಾಗಿಲ ಸಂದಿಗೆ ತೂರಿಸಿ ಮೈಭಾರವನ್ನೆಲ್ಲ ಹಾಕಿದ. ಮೂವತ್ತೊಂದು ವರ್ಷ ಒಂದು ಗೀರೂ ಬೀಳದಂತೆ ಕಾಪಾಡಿದ ಕೋಲು ಬಿಲ್ಲಿನಂತೆ ಬಾಗಿತು, ಚಿಲಕ ಕಿತ್ತುಬಂತು. ಒಳಗೆ ಸ್ನಾನದ ಕೋಣೆಯ ಬಾಗಿಲಿಗೂ ಚಿಲಕ ಹಾಕಿತ್ತು. ಅದನ್ನು ಇಬ್ಬರೂ ಸೇರಿ ಒದ್ದರು.

ಮುದುಕಿ ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ಎಪ್ಪತ್ತು ದಾಟಿರಬೇಕು. ಒಂದು ಕಾಲು ಸೊಟ್ಟಗೆ ಬಿದ್ದಿತ್ತು, ಮೈಮೇಲೆ ಟವೆಲು, ಕೈಯಲ್ಲಿ ನೆಗ್ಗಿಹೋದ ಸ್ಟೀಲ್ ಚೊಂಬು. ಪೈಪಿನ ಬಣ್ಣ ಒಂದು ಕಡೆ ರೂಪಾಯಿಯಗಲ ಕಿತ್ತುಹೋಗಿತ್ತು. ಬುಧವಾರ ಬೆಳಗ್ಗೆ ಜಾರಿ ಬಿದ್ದವಳು, ಏಳಲಾರದೆ, ಚಿಲಕ ಎಟುಕದೆ, ನಲ್ಲಿ ನೀರು ಕುಡಿದುಕೊಂಡು ಒಂದು ಹಗಲು, ಒಂದು ರಾತ್ರಿ ಕಳೆದಿದ್ದಳು. ಕೆಳಮನೆಯವನು ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದ. ಕಿವಿರಾಯ ಹಾಸಿಗೆಯ ಹೊದಿಕೆ ತಂದು ಹೊದಿಸಿ ಪಕ್ಕದಲ್ಲಿ ಕೂತ.

"ಮೂರು ಬಡಿದವನು ನೀನೇನಾ?" ಮುದುಕಿಯ ದನಿ ಕರಕರ ಎನ್ನುತ್ತಿತ್ತು.

"ಹೌದಮ್ಮ. ನೀವು ಲೆಕ್ಕ ತಪ್ಪಿ ನಾಲ್ಕು ಬಡಿದ್ರಿ, ಅದರಿಂದ ಗೊತ್ತಾಯ್ತು."

"ಲೆಕ್ಕ ತಪ್ಪೋಕೆ ನನಗೇನು ಬಂದಿದೆ? ಮೂರಕ್ಕೆ ಮೂರು ಬಡಿದ್ರೆ ಪೈಪಿನದೇ ಸದ್ದು ಅಂದ್ಕೊಂಡು ಹೋಗಿಬಿಡ್ತೀಯ ಅಂತ ಒಂದು ಸೇರಿಸಿದೆ." ಮುದುಕಿ ಉಸಿರೆಳೆದುಕೊಂಡಳು. "ನೀನು ಬಡಿದದ್ದರ ಮೇಲೂ ನಂಗೇನು ನಂಬಿಕೆ ಇರ್ಲಿಲ್ಲ. ಯಾವುದೋ ಪಂಪು ಅಂತಿದ್ದೆ. ಎರಡು ಹೋಗಿ ಮೂರಾಯ್ತಲ್ಲ, ಆಗ ಮನುಷ್ಯ ಇರಬಹುದು ಅನ್ನಿಸ್ತು."

ಕಿವಿರಾಯ ಬೆರಗಾಗಿ ಅವಳ ಮುಖ ನೋಡಿದ. ತನ್ನಷ್ಟೇ ಅನುಮಾನದ ಇನ್ನೊಂದು ಜೀವ ಈ ಭೂಮಿಯ ಮೇಲಿದೆ ಎಂದು ಅವನಿಗೆ ತಿಳಿದಿರಲಿಲ್ಲ. ಪ್ರೀತಿ ಉಕ್ಕಿ ಬಂತು, ಹೌದು, ಪ್ರೀತಿಯೇ. ಆಗಲೇ ಅವಳು ಕೇಳಿದಳು.

"ನಿನ್ನೆ ಒಬ್ಬ ಬಂದಿದ್ದ. ಪೈಪಿನ ಮೇಲೆ ಕಬ್ಬಿಣ ಇಟ್ಟಿದ್ದು ಕೇಳಿಸ್ತು. ಯಾರೋ ಕೇಳ್ತಿದ್ದಾರೆ ಅಂತ ಇದ್ದಬದ್ದ ಬಲವೆಲ್ಲ ಹಾಕಿ ಬಡಿದೆ. ಒಂದು ನಿಮಿಷ ಕೇಳಿದ, ಕಬ್ಬಿಣ ಎತ್ಕೊಂಡು ಹೋದ. ಅವನು ಯಾರು ಅಂತ ಗೊತ್ತಾ ನಿಂಗೆ?"

ಗೊತ್ತಿಲ್ಲ ಎನ್ನಬಹುದಿತ್ತು. ಸಾಕ್ಷಿ ಇದ್ದದ್ದು ಅವನ ಜೇಬಿನ ನೋಟ್ ಪುಸ್ತಕ ಒಂದೇ.

"ನಾನೇ ಅಮ್ಮ."

"ಏನಂತ ಅಂದ್ಕೊಂಡೆ?"

"ಯಂತ್ರ ಅಂತ. ತುಂಬಾ ಒಂದೇ ಸಮ ಇತ್ತು."

ಮುದುಕಿ ಚೊಂಬನ್ನು ನೆಲದ ಮೇಲಿಟ್ಟಳು. "ಬೇಕೂಂತ ಒಂದೇ ಸಮ ಬಡಿದೆ ಕಣಪ್ಪ. ಅಡ್ಡಾದಿಡ್ಡಿ ಬಡಿದ್ರೆ ಯಾರೂ ಗಮನ ಕೊಡಲ್ಲ, ಒಂದೇ ಸಮ ಬಡಿದ್ರೆ ಇಲ್ಲಿ ಮನುಷ್ಯರಿದ್ದಾರೆ ಅಂತ ಗೊತ್ತಾಗುತ್ತೆ ಅಂದ್ಕೊಂಡೆ." ಹೊದಿಕೆ ಎಳೆದುಕೊಂಡು, "ರಾತ್ರಿ ತುಂಬಾ ಚಳಿ ಇತ್ತು," ಎಂದಳು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಕಿವಿರಾಯ ಆಮೇಲೆ ಹೆಂಡತಿಯ ಮುಂದೆ ಅತ್ತುಕೊಂಡು ಹೇಳಿದ.

ಅವನು ಆಸ್ಪತ್ರೆಯಿಂದ ಮಾರ್ಕೆಟ್ ರಸ್ತೆಗೆ ಬಂದಾಗ ಎರಡೂವರೆ. ಯಂತ್ರ ತೋರಿಸಿದ ಜಾಗದಲ್ಲಿ ಅಗೆದು, ಬಿರುಕು ಸಿಕ್ಕಿ, ತೇಪೆ ಹಾಕಿ ಮುಚ್ಚುತ್ತಿದ್ದರು. ಇಂಜಿನಿಯರಮ್ಮ ಅವನ ಕಥೆಯನ್ನೆಲ್ಲ ಕೇಳಿ, "ಒಳ್ಳೇ ಕೆಲಸ ಮಾಡಿದ್ರಿ ರಾಯರೇ," ಎಂದಳು, ಮನಸ್ಸಿನಿಂದಲೇ. ಆಮೇಲೆ ಬಾಗಿದ ಕೋಲನ್ನು ಕೈಗೆತ್ತಿಕೊಂಡು ನೋಡಿದಳು. ಅದನ್ನು ಇನ್ನು ಯಾರೂ ಬಳಸುವಂತಿರಲಿಲ್ಲ.

"ಒಂದು ಮಾತು ಕೇಳ್ಲಾ ಮೇಡಂ? ತಾಳ ಹಾಕಿದ ಹಾಗೆ ಒಂದೇ ಸಮ ಬರೋ ಸದ್ದನ್ನ ಈ ಯಂತ್ರ ಏನು ಮಾಡುತ್ತೆ?"

"ಸೋಸಿ ತೆಗೆದುಹಾಕುತ್ತೆ. ಪಂಪಿನ ಗಲಾಟೆ ಅಡ್ಡ ಬರಬಾರದಲ್ಲ. ಯಾಕೆ?"

"ಅಂದ್ರೆ ಅದಕ್ಕೂ ನನಗೆ ಕೆಲಸ ಕಲಿಸಿದ ಮುದುಕನೇ ಪಾಠ ಹೇಳಿಕೊಟ್ಟಿದ್ದಾನೆ," ಎಂದ ಕಿವಿರಾಯ. ಇಂಜಿನಿಯರಮ್ಮನಿಗೆ ಅರ್ಥವಾಗಲಿಲ್ಲ. ವಿವರಿಸಿ ಹೇಳಿದ ಮೇಲೆ ಅವಳು ಯಂತ್ರವನ್ನೇ ನೋಡುತ್ತಾ ನಿಂತಳು.

ಶನಿವಾರ ಲೈಬ್ರರಿಯಲ್ಲಿ ಒಂಬತ್ತು ಜನ ಸೇರಿದ್ದರು. ಅದರಲ್ಲಿ ಇಬ್ಬರು ಪೇಪರ್ ಓದಲು ಬಂದವರು. ಮೇಷ್ಟ್ರು ಕ್ಯಾಲೆಂಡರಿನ ಹಾಳೆ ತೂಗುಹಾಕಿ ನಕ್ಷತ್ರ, ಗ್ರಹ, ನೀರು, ಜೀವ, ಬುದ್ಧಿ ಎಂದು ಒಂದೊಂದೇ ಸಾಲು ವಿವರಿಸಿದ. ಕೊನೆಗೆ ಹೊಸದಾಗಿ ಬರೆದ ಒಂದು ಸಾಲಿತ್ತು: 'ಕೇಳಿಸಿಕೊಂಡು ಹೋದವನು ತಿರುಗಿ ಬರುವ ಸಾಧ್ಯತೆ'. ಅದರ ಮುಂದೆ ಸಂಖ್ಯೆ ಇರಲಿಲ್ಲ.

"ಹಾಗಾದ್ರೆ ಇದ್ದಾರೋ ಇಲ್ವೋ?" ಎಂದು ಪೇಪರ್ ಓದುತ್ತಿದ್ದವನು ತಲೆಯೆತ್ತಿ ಕೇಳಿದ. ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತಿದ್ದ ಭಾವನ ಕಡೆ ನೋಡಿದ.

"ನನಗೆ ಈಗಲೂ ಅನುಮಾನವೇ," ಎಂದ ಕಿವಿರಾಯ, ಎದ್ದು ನಿಂತು. "ಆದ್ರೆ ಅನುಮಾನದ ದಿಕ್ಕು ಬದಲಾಗಿದೆ. ನಾವೂ ಇಲ್ಲಿಂದ ಎಷ್ಟೋ ವರ್ಷದಿಂದ ಸದ್ದು ಮಾಡ್ತಿದ್ದೀವಿ, ರೇಡಿಯೋ, ಟೀವಿ ಅಂತ. ಅಲ್ಲೂ ನನ್ನಂಥವನೊಬ್ಬ ಇರಬಹುದು. ಒಂದು ನಿಮಿಷ ಕೇಳಿ, ಯಂತ್ರ ಅಂತ ಬರ್ಕೊಂಡು, ಎದ್ದು ಹೋಗಿರಬಹುದು." ಇಷ್ಟು ಹೇಳಿ ಕೂತುಬಿಟ್ಟ. ಪೇಪರಿನವನು ಪೇಪರು ಮಡಿಚಿಟ್ಟ.

ಮುಂದಿನ ವಾರದಿಂದ ಕಿವಿರಾಯ ದಾಖಲೆ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತ. ಎದುರಿಗೆ ಅವನದೇ ಮೂವತ್ತೊಂದು ವರ್ಷದ ನೋಟ್ ಪುಸ್ತಕಗಳು. ಅವುಗಳಲ್ಲಿ 'ಯಂತ್ರ' ಎಂದು ಬರೆದದ್ದು ಇನ್ನೂರ ಹದಿನಾಲ್ಕು ಸಲ. ಆ ವಿಳಾಸಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಂಡು, ದಿನಾ ಕಚೇರಿಗೆ ಮೊದಲು ಒಂದು ಗಂಟೆ ನಡೆಯತೊಡಗಿದ. ಬಾಗಿಲು ತಟ್ಟಿ, ನೀರ ಕಚೇರಿಯ ಕಾರ್ಡು ತೋರಿಸಿ, ಇಷ್ಟು ವರ್ಷದ ಹಿಂದೆ ಇಲ್ಲೊಂದು ಸದ್ದಿತ್ತು, ಅದೇನು ಎಂದು ಕೇಳುತ್ತಿದ್ದ. ಜನ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದರು. ಮೂವತ್ತೇಳು ಮನೆಗಳಾದವು. ಮೂವತ್ತೇಳರಲ್ಲೂ ಅದು ನಿಜವಾಗಿಯೂ ಪಂಪು, ರುಬ್ಬುವ ಯಂತ್ರ, ಅಥವಾ ಬಡಗಿಯ ಸುತ್ತಿಗೆ. ಅವನಿಗೆ ನಿರಾಳವಾಗಬೇಕಿತ್ತು, ಆಗಲಿಲ್ಲ. ಮೇಷ್ಟ್ರು ಮಾತ್ರ ದಿನಾ ಸಂಜೆ ಕಾಫಿಯ ಜೊತೆ ಅಂಕಿ ಕೇಳಿ ಬರೆದುಕೊಳ್ಳುತ್ತಿದ್ದ.

ಮೂವತ್ತೆಂಟನೆಯದು ಹನ್ನೊಂದು ವರ್ಷದ ಹಿಂದಿನದು. 'ಎರಡು ಬಡಿತ, ಬಿಡುವು, ಎರಡು ಬಡಿತ. ಯಂತ್ರ.' ಅದೇ ಮನೆಯ ಮುಂದೆ ಒಂದೇ ತಿಂಗಳಲ್ಲಿ ಆರು ಸಲ ಹಾಗೆಯೇ ಬರೆದಿದ್ದ. ಏಳನೆಯ ಸಲ ಸದ್ದಿರಲಿಲ್ಲ. ನಡುವಯಸ್ಸಿನ ಹೆಂಗಸೊಬ್ಬಳು ಬಾಗಿಲನ್ನು ಸರಪಳಿಯಷ್ಟೇ ಅಗಲ ತೆರೆದಳು. ಅವನು ಕೇಳಿದ್ದನ್ನು ಕೇಳಿ ಅವಳ ಮುಖ ಬಿಗಿದುಕೊಂಡಿತು.

"ಯಾರು ನಿಮಗೆ ಹೇಳಿದ್ದು?"

"ಯಾರೂ ಹೇಳಿಲ್ಲಮ್ಮ. ನಾನೇ ಕೇಳಿಸ್ಕೊಂಡಿದ್ದೆ. ಪಂಪು ಇತ್ತಾ ಇಲ್ಲಿ?"

"ಇಲ್ಲ." ಅವಳು ಬಾಗಿಲು ಹಾಕಲಿಲ್ಲ. "ನಮ್ಮತ್ತೆ. ಕೊನೇ ದಿನಗಳಲ್ಲಿ ಹಾಸಿಗೆ ಹಿಡಿದಿದ್ರು, ಮಾತು ನಿಂತುಹೋಗಿತ್ತು. ಮಂಚದ ಪಕ್ಕದಲ್ಲೇ ಪೈಪು. ಏನಾದ್ರೂ ಬೇಕಾದ್ರೆ ಚಮಚದಲ್ಲಿ ಬಡಿದು ಕರೀತಿದ್ರು."

"ಕರೆದಾಗೆಲ್ಲ ಹೋಗ್ತಿದ್ರಾ?"

ಅವಳು ಅವನನ್ನೇ ನೋಡಿದಳು. "ಮೊದಮೊದಲು," ಎಂದಳು.

ಕಿವಿರಾಯ ಮೆಟ್ಟಿಲ ಮೇಲೆ ಕೂತು, ಪುಸ್ತಕ ತೆರೆದು, 'ಯಂತ್ರ' ಎಂಬುದನ್ನು ಆರು ಕಡೆಯೂ ಹೊಡೆದುಹಾಕಿ 'ಅತ್ತೆ' ಎಂದು ಬರೆದ. ಅವನು ಬರೆದು ಮುಗಿಸುವ ತನಕ ಆ ಹೆಂಗಸು ಸರಪಳಿಯ ಹಿಂದೆ ನಿಂತೇ ಇದ್ದಳು. ಆಮೇಲೆ ಅವನು ಎದ್ದು ಮುಂದಿನ ವಿಳಾಸ ನೋಡಿಕೊಂಡ. ಅದು ಎರಡು ಬೀದಿ ಆಚೆಗಿತ್ತು.